ಸಹಾಯ ಬೇಕು: ಅಜ್ಜನ ಉಳಿ, ತೋಪಡ ಇಡುವ ಬೀರುವಿಗೆ ಹಿಂಬದಿ ಹಲಗೆ ಹೇಗೆ ಕೂರಿಸಲಿ?

ನಮಸ್ಕಾರ. ಅಜ್ಜ ಬಳಸುತ್ತಿದ್ದ ಮರಗೆಲಸದ ಸಾಮಾನು ಈಗ ನನ್ನ ಹತ್ತಿರ ಇವೆ. ಉಳಿಗಳು, ಬಾಚಿ, ಗರಗಸ, ಮರ ಹೆರೆದು ನುಣುಪು ಮಾಡುವ ತೋಪಡಗಳು. ದೊಡ್ಡ ತೋಪಡದಲ್ಲಿ ಅವರ ಹೆಬ್ಬೆರಳು ಕೂರುತ್ತಿದ್ದ ಕಡೆ ಮರ ಸವೆದು ನುಣ್ಣಗೆ ಗುಳಿ ಬಿದ್ದಿದೆ. ಇಂಥವನ್ನು ಮೂಟೆ ಕಟ್ಟಿ ಅಟ್ಟಕ್ಕೆ ಹಾಕಲು ಮನಸ್ಸು ಬರಲ್ಲ. ಅದಕ್ಕೇ ಗೋಡೆಗೆ ಹಾಕುವ ಗಾಜಿನ ಬಾಗಿಲಿನ ಬೀರು ಮಾಡುತ್ತಿದ್ದೇನೆ.

ತೇಗದ ಚೌಕಟ್ಟು ಮುಗಿದಿದೆ. ತುಕ್ಕು ಹಿಡಿಯದಂತೆ ಕಬ್ಬಿಣಕ್ಕೆ ತೆಳುವಾಗಿ ಮಿಷಿನ್ ಎಣ್ಣೆ ಒರೆಸಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಇಡುತ್ತೇನೆ. ತಲೆನೋವು ಇರುವುದು ಹಿಂಬದಿ ಹಲಗೆಯದು.

ಗಟ್ಟಿ ಮರದ ಹಲಗೆ ತೇವಕ್ಕೆ ಅಗಲದಲ್ಲಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದದಲ್ಲಿ ಅಷ್ಟೇನೂ ಬದಲಾಗಲ್ಲ. ಹಾಗಾಗಿ ಅಂಟು ಹಾಕದೆ ಚೌಕಟ್ಟಿನಲ್ಲಿ ಕೊರೆದ ಗ್ರೂವ್‌ನಲ್ಲಿ (ಉದ್ದನೆಯ ಸೀಳಿನಲ್ಲಿ) ಸಡಿಲವಾಗಿ ಕೂರಿಸಿ ನೋಡಿದೆ. ಆದರೆ ತೋಪಡ ತೂಗುಹಾಕಿದರೆ ಹಲಗೆ ಮುಂದಕ್ಕೆ ವಾಲುತ್ತದೆ. ಪ್ಲೈವುಡ್ ಇಟ್ಟು ನೋಡಿದೆ, ಅದು ಅಲುಗಲ್ಲ. ಆದರೆ ಈ ಸಾಮಾನಿನ ಹಿಂದೆ ಪ್ಲೈವುಡ್ ಒಪ್ಪುವುದೇ ಇಲ್ಲ.

ಈಗ ಹೊಳೆದಿರುವುದು ಇದು: ಹಲಗೆಯ ಹಿಂದೆ ಅಡ್ಡಪಟ್ಟಿಗಳನ್ನು ಹಾಕಿ ಚೌಕಟ್ಟಿಗೇ ಸ್ಕ್ರೂ ಮಾಡುವುದು. ಸಾಮಾನು ಹಿಡಿಯುವ ಮರದ ಗೂಟಗಳು ಹಲಗೆ ದಾಟಿ ಆ ಪಟ್ಟಿಗೆ ಕಚ್ಚಿಕೊಳ್ಳಬೇಕು. ಆಗ ತೂಕ ಹಲಗೆ ಮೇಲೆ ಬೀಳಲ್ಲ, ಅಲ್ವಾ?

ಹಲಗೆಯ ಎಳೆ (ಮರದ ನಾರು) ಮೇಲಿಂದ ಕೆಳಕ್ಕಿದೆ, ಅಂದರೆ ಅದು ಹಿಗ್ಗಿ ಕುಗ್ಗುವುದು ಅಡ್ಡಕ್ಕೆ. ಹಾಗಾದರೆ ಗೂಟದ ತೂತುಗಳನ್ನು ಹಲಗೆಯಲ್ಲಿ ಅಡ್ಡಕ್ಕೆ ಉದ್ದ ಮಾಡಬೇಕಾ, ಇಲ್ಲ ದುಂಡಗೆ ಸ್ವಲ್ಪ ದೊಡ್ಡದಾಗಿ ಕೊರೆದರೆ ಸಾಕಾ? ಮಾಡಿ ಅನುಭವ ಇರುವವರು ದಯವಿಟ್ಟು ತಿಳಿಸಿ.