ಹೋಂಸ್ಟೇಗೆ ಒಂದು ವೆಬ್‌ಸೈಟ್ ಬೇಕು, ಡೊಮೈನ್ ಹೋಸ್ಟಿಂಗ್ ಹೇಗೆ ತಗೊಂಡಿರಿ? ಅನುಭವ ಇದ್ದವರು ಹೇಳಿ

ಹೊಸನಗರದಿಂದ ಪ್ರಶ್ನೆ:

ಮನೆಯ ಪಕ್ಕ ಮೂರು ರೂಮಿನ ಹೋಂಸ್ಟೇ ಮಾಡಿದ್ದೇವೆ. ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಎರಡಕ್ಕೂ ಸೇರಿ ಒಂದು ವೆಬ್‌ಸೈಟ್ ಬೇಕು. ಶಿವಮೊಗ್ಗದಲ್ಲಿ ವಿಚಾರಿಸಿದರೆ ಒಬ್ಬರು ಎಲ್ಲಾ ಸೇರಿ 25,000 ಅಂದರು, ಇನ್ನೊಬ್ಬರು 6,000ಕ್ಕೆ ಮುಗಿಸಿಕೊಡುತ್ತೇನೆ ಅಂದರು. ಯಾಕಿಷ್ಟು ವ್ಯತ್ಯಾಸ? ನಾವೇ ತಗೊಳ್ಳೋಕೆ ಆಗುತ್ತಾ?

ಸಾಗರದಿಂದ:

ದರದ ವಿಚಾರ ಆಮೇಲೆ ನೋಡೋಣ. ಮೊದಲು ಅವರಿಬ್ಬರನ್ನೂ ಒಂದು ಮಾತು ಕೇಳಿ, ಡೊಮೈನ್ (ಅಂದರೆ ಸೈಟಿನ ಹೆಸರು, ವಿಳಾಸ) ಯಾರ ಮೇಲ್ ಐಡಿಯಲ್ಲಿ ತಗೊಳ್ತೀರಿ ಅಂತ. ನಾನು ಇದನ್ನು ಕೇಳದೆ ಕೆಟ್ಟೆ.

ನಮ್ಮ ಸೈಟ್ ಮಾಡಿಕೊಟ್ಟವನು ಪರಿಚಯದ ಹುಡುಗನೇ. ಒಳ್ಳೆಯವನು, ಕೆಲಸವನ್ನೂ ಚೆನ್ನಾಗಿ ಮಾಡಿದ್ದ. ಆದರೆ ಡೊಮೈನ್ ತಗೊಂಡಿದ್ದು ತನ್ನ ಮೇಲ್‌ನಿಂದ, ತನ್ನ ನಂಬರ್ ಕೊಟ್ಟು. ಆಮೇಲೆ ಬೆಂಗಳೂರಲ್ಲಿ ಕೆಲಸ ಸಿಕ್ಕಿ ಹೋದ, ನಂಬರ್ ಬದಲಾಯಿತು. ರಿನ್ಯೂ ಮಾಡಿ ಅಂತ ಬಂದ ಮೇಲ್ ಎಲ್ಲಾ ಅವನು ತೆರೆಯದೇ ಇದ್ದ ಹಳೇ ಇನ್‌ಬಾಕ್ಸಿಗೆ ಹೋಗಿ ಕೂತಿದ್ದವು. ಆಷಾಢದ ಮಳೆ, ನಮಗೂ ಗಿರಾಕಿ ಇಲ್ಲದ ಕಾಲ, ಹಾಗಾಗಿ ಸೈಟ್ ಕಡೆ ಯಾರೂ ನೋಡಿಲ್ಲ. ಕೊನೆಗೆ ಮೈಸೂರಿಂದ ಒಬ್ಬರು ಫೋನ್ ಮಾಡಿ, "ನಿಮ್ಮ ವೆಬ್‌ಸೈಟಲ್ಲಿ ಎಂತದೋ ಸಾಲದ ಜಾಹೀರಾತು ಬರ್ತಿದೆಯಲ್ಲ ಮಾರಾಯ್ರೆ" ಅಂದಾಗಲೇ ಗೊತ್ತಾಗಿದ್ದು.

ಡಾಟ್ ಕಾಮ್ ಹೆಸರು ಅವಧಿ ಮುಗಿದ ದಿನವೇ ಕೈತಪ್ಪುವುದಿಲ್ಲ. ಡೊಮೈನ್ ಮಾರುವ ಸುಮಾರು ಕಂಪನಿಗಳು ಕೆಲವು ವಾರ ಮಾಮೂಲಿ ದರಕ್ಕೇ ರಿನ್ಯೂ ಮಾಡಿಕೊಡುತ್ತವೆ. ಅದೂ ದಾಟಿ ಹೆಸರು ಡಿಲೀಟ್ ಆದರೆ 30 ದಿನ ರಿಡೆಂಪ್ಶನ್ ಅಂತ ಇದೆ. ಆಗ ವಾಪಸ್ ಸಿಗುತ್ತದೆ, ಆದರೆ ದಂಡ ಕಟ್ಟಬೇಕು. ಆಮೇಲೆ 5 ದಿನ ಯಾರೂ ಮುಟ್ಟೋ ಹಾಗಿಲ್ಲ, ಅದಾದ ಮೇಲೆ ಯಾರು ಬೇಕಾದರೂ ತಗೊಳ್ಳಬಹುದು. ನಾವು ಹುಡುಗನನ್ನು ಹುಡುಕಿ ಹಿಡಿಯುವ ಹೊತ್ತಿಗೆ ರಿಡೆಂಪ್ಶನ್ನಿಗೆ ಬಿದ್ದಿತ್ತು. ಎಂಟು ಸಾವಿರದ ಹತ್ತಿರ ಕಟ್ಟಿದೆ. ಬಿಟ್ಟುಬಿಡೋಣ ಅಂದರೆ ರಸ್ತೆ ತಿರುವಿನ ಬೋರ್ಡಲ್ಲೂ ವಿಸಿಟಿಂಗ್ ಕಾರ್ಡಲ್ಲೂ ಅದೇ ಹೆಸರು.

ಅದಕ್ಕೇ ಹೇಳಿದ್ದು. ಅಕೌಂಟ್ ನಿಮ್ಮ ಮೇಲ್‌ನಲ್ಲಿ, ನಿಮ್ಮ ಮೊಬೈಲ್ ನಂಬರಲ್ಲಿ ಇರಲಿ. ಪಾಸ್‌ವರ್ಡ್ ಬೇಕಾದರೆ ಕೆಲಸ ಮಾಡುವವರಿಗೆ ಕೊಡಿ, ಮುಗಿದ ಮೇಲೆ ಬದಲಾಯಿಸಿ. ತಗೊಂಡ ತಕ್ಷಣ ಮೇಲ್ ಐಡಿ ಖಚಿತ ಮಾಡಿ ಅಂತ ಒಂದು ಲಿಂಕ್ ಬರುತ್ತದೆ. ಡಾಟ್ ಕಾಮ್‌ಗೆ ಅದನ್ನು 15 ದಿನದೊಳಗೆ ಒತ್ತದಿದ್ದರೆ ಸೈಟ್ ನಿಂತುಹೋಗುತ್ತದೆ. ಸ್ಪ್ಯಾಮ್ ಫೋಲ್ಡರನ್ನೂ ನೋಡಿ.

ತೀರ್ಥಹಳ್ಳಿಯಿಂದ:

ಹೆಸರು ಆರಿಸುವಾಗ ಊರಿನ ಹೆಸರು ಸೇರಿಸಬೇಡಿ ಅಂತ ನನ್ನ ಸಲಹೆ. ನಮ್ಮೂರನ್ನು ಇಂಗ್ಲಿಷಲ್ಲಿ ಬರೆಯುವಾಗ ಟಿ ಆದ ಮೇಲೆ ಎಚ್ ಬೇಕೋ ಬೇಡವೋ, ಐ ಒಂದೋ ಇ ಎರಡೋ, ಹತ್ತು ಜನ ಹತ್ತು ತರ ಬರೆಯುತ್ತಾರೆ. ಫೋನಲ್ಲಿ ಒಂದೊಂದೇ ಅಕ್ಷರ ಹೇಳಿ ಸಾಕಾಗಿದೆ. ಶಿವಮೊಗ್ಗದವರದ್ದು ಇನ್ನೊಂದು ಕತೆ. 2014ರ ನವೆಂಬರ್ 1ಕ್ಕೆ ಊರಿನ ಹೆಸರು ಬದಲಾಯಿತು, ಹಳೇ ಶಿಮೊಗ ಸ್ಪೆಲ್ಲಿಂಗಲ್ಲಿ ಡೊಮೈನ್ ಇದ್ದವರು ಎರಡೆರಡು ಇಟ್ಟುಕೊಂಡು ಎರಡಕ್ಕೂ ದುಡ್ಡು ಕಟ್ಟುತ್ತಿದ್ದಾರೆ.

ಶಿವಮೊಗ್ಗದಿಂದ (ನನ್ನದು ಇದೇ ಕೆಲಸ):

25,000 ಅಂದವರ ಪರ ಸ್ವಲ್ಪ ಮಾತಾಡುತ್ತೇನೆ. ಡೊಮೈನ್, ಹೋಸ್ಟಿಂಗ್ (ಸೈಟಿನ ಫೈಲ್ ಇಡೋಕೆ ಬಾಡಿಗೆಗೆ ತಗೊಳ್ಳುವ ಜಾಗ) ಅದರಲ್ಲಿ ಸಣ್ಣ ಪಾಲು. ನಿಮ್ಮಲ್ಲಿಗೆ ಬಂದು ಫೋಟೊ ತೆಗೆದು, ಬರಹ ಬರೆದು, ಡಿಸೈನ್ ಮಾಡಿಕೊಡುವುದಾದರೆ ಜಾಸ್ತಿ ಅಲ್ಲ. ಸುಮ್ನೆ ರೆಡಿಮೇಡ್ ಥೀಮ್ ಹಾಕಿ ಕೊಡುವುದಾದರೆ ಜಾಸ್ತಿಯೇ. 6,000 ಅಂದವರು ತಾವು ತಗೊಂಡ ಒಂದೇ ಹೋಸ್ಟಿಂಗಲ್ಲಿ ನಿಮ್ಮದನ್ನೂ ಸೇರಿಸಿ ಹಾಕಬಹುದು. ತಪ್ಪೇನಿಲ್ಲ, ಆದರೆ ಅವರು ಅಂಗಡಿ ಮುಚ್ಚಿದ ದಿನ ನಿಮ್ಮದೂ ಮುಚ್ಚುತ್ತದೆ.

ನೀವೇ ತಗೊಳ್ಳುವುದಾದರೆ ಮೊದಲ ವರ್ಷದ ದರ ನೋಡಲೇಬೇಡಿ, ರಿನ್ಯೂವಲ್ ದರ ನೋಡಿ. ದೊಡ್ಡ ಅಕ್ಷರದಲ್ಲಿ ತಿಂಗಳಿಗೆ ಇಷ್ಟೇ ಅಂತ ಹಾಕಿರುತ್ತಾರೆ, ಅದು ಮೂರೋ ನಾಲ್ಕೋ ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಮಾತ್ರ. ಮೇಲೆ 18% ಜಿಎಸ್‌ಟಿ. ಅನ್‌ಲಿಮಿಟೆಡ್ ಅಂದರೂ ಎಷ್ಟು ಫೈಲ್ ಇಡಬಹುದು ಅನ್ನೋದಕ್ಕೆ ಷರತ್ತುಗಳ ಪುಟದಲ್ಲಿ ಮಿತಿ ಇರುತ್ತದೆ. ಎಸ್‌ಎಸ್‌ಎಲ್‌ಗೆ (ವಿಳಾಸದ ಮುಂದೆ https ಬರೋಕೆ ಬೇಕಾದ ಸರ್ಟಿಫಿಕೇಟ್) ಬೇರೆ ದುಡ್ಡು ಕೇಳಿದರೆ ಕೊಡಬೇಡಿ, ನಿಮ್ಮಂಥ ಸೈಟಿಗೆ ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆ ಪುಕ್ಕಟೆ ಕೊಡುವುದೇ ಸಾಕು. ಸರ್ವರ್ ಮುಂಬೈಯದ್ದೋ ಬೆಂಗಳೂರಿನದ್ದೋ ಆದರೆ ಒಳ್ಳೆಯದು.

ಆಟೋ ರಿನ್ಯೂ ಹಾಕಿದ್ದೇನೆ ಅಂತ ನಿಶ್ಚಿಂತೆಯಾಗಿ ಕೂರಬೇಡಿ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತು, ಕಾರ್ಡಿಂದ ತಾನಾಗಿ ದುಡ್ಡು ಕಟ್ ಆಗಬೇಕಾದರೆ ಮೊದಲೇ ಮ್ಯಾಂಡೇಟ್‌ಗೆ, ಅಂದರೆ ಹೀಗೆ ಕಟ್ ಮಾಡಿಕೊಳ್ಳೋಕೆ, ಒಪ್ಪಿಗೆ ಕೊಟ್ಟಿರಬೇಕು. ವಿದೇಶಿ ಕಂಪನಿಯಲ್ಲಿ ಹೋಸ್ಟಿಂಗ್ ಇದ್ದ ನನ್ನ ಮೂರು ಗಿರಾಕಿಗಳ ಪೇಮೆಂಟ್ ಆಗ ಫೇಲ್ ಆಯಿತು. ಅಡಿಕೆ ಸೊಸೈಟಿ ಸಾಲದ ಕಂತು ಬರೆದಿಡುವ ಕ್ಯಾಲೆಂಡರಲ್ಲೇ ಡೊಮೈನ್ ತಾರೀಕೂ ಬರೆದಿಡಿ.

ಕೊಪ್ಪದಿಂದ:

ಹೋಸ್ಟಿಂಗಿಗೆ ಯಾಕೆ ದುಡ್ಡು, ಮನೆಯ ಹಳೇ ಕಂಪ್ಯೂಟರನ್ನೇ ಸರ್ವರ್ ಮಾಡೋಣ ಅಂತ ಒಂದು ಬೇಸಿಗೆಯಲ್ಲಿ ಹೊರಟಿದ್ದೆ. ಮನೆಯ ಇಂಟರ್ನೆಟ್ ವಿಳಾಸ (ಐಪಿ) ದಿನಕ್ಕೊಂದು ಬದಲಾಗುತ್ತಿತ್ತು, ಅದಕ್ಕೂ ಏನೋ ಉಪಾಯ ಮಾಡಿದೆ. ಮೊದಲ ಗುಡುಗಿಗೇ ಮೋಡೆಮ್ ಸುಟ್ಟುಹೋಯಿತು, ಜೊತೆಗೆ ಕಂಪ್ಯೂಟರಿನ ಲ್ಯಾನ್ ಪೋರ್ಟ್ ಕೂಡ. ಬೇಡ.

ಇನ್ನೊಂದು. ಹೋಸ್ಟಿಂಗ್ ಬದಲಾಯಿಸುವಾಗ ನೇಮ್‌ಸರ್ವರ್ (ಯಾವ ಕಂಪನಿಯ ಡಿಎನ್‌ಎಸ್ ಬಳಸಬೇಕು ಅನ್ನೋ ಸೆಟ್ಟಿಂಗ್) ಬದಲಿಸುವ ಮೊದಲು ಹಳೇ ಡಿಎನ್‌ಎಸ್ ಪುಟದ, ಅಂದರೆ ಸೈಟ್ ಎಲ್ಲಿದೆ, ಮೇಲ್ ಎಲ್ಲಿಗೆ ಹೋಗಬೇಕು ಅಂತ ಬರೆದಿರುವ ಪುಟದ, ಸ್ಕ್ರೀನ್‌ಶಾಟ್ ತೆಗೆದಿಡಿ. ನಾನು ಅದರಲ್ಲಿ ಮೇಲ್‌ಗೆ ದಾರಿ ತೋರಿಸುವ ಎಂಎಕ್ಸ್ ರೆಕಾರ್ಡ್ ಹೊಸದರಲ್ಲಿ ಹಾಕುವುದು ಮರೆತು ಮೂರು ದಿನ ಒಂದು ಮೇಲೂ ಬಂದಿರಲಿಲ್ಲ. ಸೈಟ್ ಚೆನ್ನಾಗಿ ಕಾಣುತ್ತಿತ್ತಲ್ಲ, ಅನುಮಾನವೇ ಬರಲಿಲ್ಲ.

ಹೊಸನಗರದಿಂದ:

ಎಲ್ಲರಿಗೂ ಥ್ಯಾಂಕ್ಸ್. ಡಾಟ್ ಕಾಮೋ ಡಾಟ್ ಇನ್ನೋ? ಕನ್ನಡದಲ್ಲೇ ಹೆಸರು ಸಿಗುತ್ತಂತೆ, ಹೌದಾ?

ಸಾಗರದಿಂದ:

ಹೌದು, ಕನ್ನಡ ಅಕ್ಷರದ ಡಾಟ್ ಭಾರತ ಇದೆ. ಡಾಟ್ ಇನ್ ನೋಡಿಕೊಳ್ಳುವ ನಿಕ್ಸಿ ಅನ್ನೋ ಸಂಸ್ಥೆಯದ್ದೇ. ಆಸೆಯಿಂದ ನಾನೂ ಒಂದು ತಗೊಂಡೆ. ಕೆಲವು ಕಡೆ ಲಿಂಕ್ ಹಾಕಿದರೆ ಕನ್ನಡ ಹೋಗಿ ಎಕ್ಸ್ ಎನ್ ಅಂತ ಶುರುವಾಗುವ ಅಕ್ಷರಗಳ ಗುಡ್ಡೆ ಕಾಣುತ್ತದೆ, ನೋಡಿದವರು ವೈರಸ್ ಅಂತ ಹೆದರುತ್ತಾರೆ. ಎರಡನೇ ಹೆಸರಾಗಿ ಇಟ್ಟುಕೊಳ್ಳಿ. ಮೊದಲನೆಯದು ಡಾಟ್ ಕಾಮ್ ಆದರೂ ಸರಿ, ಡಾಟ್ ಇನ್ ಆದರೂ ಸರಿ, ಯಾವುದರಲ್ಲಿ ಚಿಕ್ಕ ಹೆಸರು ಸಿಗುತ್ತದೋ ಅದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಈಗ ಬರೀ ಡೊಮೈನ್ ತಗೊಳ್ಳುತ್ತಿದ್ದೆ. ಅದನ್ನು ಗೂಗಲ್‌ನ ಪುಕ್ಕಟೆ ಬ್ಲಾಗರ್‌ಗೆ ಜೋಡಿಸಿ, ಹೋಸ್ಟಿಂಗ್ ಖರ್ಚೇ ಇಲ್ಲ. ನಾಲ್ಕು ಪುಟ, ವಾಟ್ಸಾಪ್ ನಂಬರ್, ಮ್ಯಾಪ್ ಇದ್ದರೆ ಮೂರು ರೂಮಿಗೆ ಸಾಕು. ಉಪ್ಪಿನಕಾಯಿ ಆನ್‌ಲೈನಲ್ಲೇ ದುಡ್ಡು ಕಟ್ಟಿಸಿ ಮಾರುವ ಹಂತಕ್ಕೆ ಬಂದಾಗ ಹೋಸ್ಟಿಂಗ್ ನೋಡಿ. ಅಷ್ಟರೊಳಗೆ ಅಮ್ಮನ ಹೆಸರಲ್ಲಿ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿಬಿಡಿ, ಅದಿಲ್ಲದೆ ಮಾರುವ ಹಾಗಿಲ್ಲ.

ಫೋಟೊಗಳನ್ನು ಮೊಬೈಲಿಂದ ತೆಗೆದ ಹಾಗೇ ಹಾಕಬೇಡಿ. ಒಂದೊಂದೂ ನಾಲ್ಕೈದು ಎಂಬಿ ಇರುತ್ತದೆ, ಕುಗ್ಗಿಸಿ 200 ಕೆಬಿಗೆ ತನ್ನಿ. ನಮ್ಮಲ್ಲಿಗೆ ಬರುವವರು ಸೈಟ್ ತೆರೆಯುವುದೇ ಘಾಟಿಯ ತಿರುವಲ್ಲಿ ನಿಂತು, ಒಂದು ಕಡ್ಡಿ ಸಿಗ್ನಲ್ ಹಿಡಿದುಕೊಂಡು, ದಾರಿ ಕೇಳೋಕೆ ನಂಬರ್ ಹುಡುಕುವಾಗ.