ತ್ರಿಕಟು ಮಾತ್ರೆಗೆ ಗುಣಮಟ್ಟದ ಮಿತಿ ಹಾಕುವುದು ಹೇಗೆ?

ಪ್ರಶ್ನೆ (ಚಿಕ್ಕಮಗಳೂರು): ನಮಸ್ಕಾರ ಸರ್. ನಮ್ಮದು ಸಣ್ಣ ಆಯುರ್ವೇದ ಔಷಧ ಘಟಕ. ಒಣಶುಂಠಿ, ಕಾಳುಮೆಣಸು, ಹಿಪ್ಪಲಿ ಸಮಪಾಲು ಸೇರಿಸಿ, ಗೋಂದಿನ ನೀರಲ್ಲಿ ಕಲಸಿ 500 ಮಿ.ಗ್ರಾಂ. ಮಾತ್ರೆ ಮಾಡ್ತೀವಿ. ಒಂದು ಬ್ಯಾಚ್ ಚೆನ್ನಾಗಿ ಬಂದರೆ ಇನ್ನೊಂದು ಕಲ್ಲಿನ ಹಾಗಾಗುತ್ತೆ. ಬೇರೆ ಕಂಪನಿಯ ರಿಪೋರ್ಟ್ ನೋಡಿ ಮಿತಿಗಳನ್ನು ಬರೆದುಕೊಂಡರೆ ಸಾಕಾ?

ಉತ್ತರ: ಸಾಲದು. ಅವರ ಅಂಕಿ ಅವರ ಮಾಲಿಗೆ, ಅವರ ಯಂತ್ರಕ್ಕೆ ಬಂದದ್ದು. ನಿಮ್ಮ ಲೆಕ್ಕ ಕಚ್ಚಾಮಾಲಿನಿಂದಲೇ ಶುರುವಾಗಲಿ.

ಭಾರತೀಯ ಆಯುರ್ವೇದ ಫಾರ್ಮಕೋಪಿಯಾ (ಔಷಧಗಳ ಗುಣಮಟ್ಟ ಹೇಳುವ ಅಧಿಕೃತ ಗ್ರಂಥ) ಪ್ರಕಾರ ಒಟ್ಟು ಬೂದಿ, ಅಂದರೆ ಮಾಲನ್ನು ಪೂರ್ತಿ ಸುಟ್ಟ ಮೇಲೆ ಉಳಿಯುವುದು, ಶುಂಠಿಯಲ್ಲಿ 6%, ಮೆಣಸಿನಲ್ಲಿ 5%, ಹಿಪ್ಪಲಿಯಲ್ಲಿ 7% ಮೀರಬಾರದು. ಆಮ್ಲದಲ್ಲಿ ಕರಗದ ಬೂದಿ ಶುಂಠಿಗೆ 1.5%, ಉಳಿದೆರಡಕ್ಕೆ 0.5%. ಸಮಪಾಲಿನ ಪುಡಿಯಲ್ಲಿ ಸರಾಸರಿ ತೆಗೆದರೆ ಒಟ್ಟು ಬೂದಿ 6%, ಕರಗದ್ದು ಸುಮಾರು 0.8% ಒಳಗೇ ಇರಬೇಕು.

ಇವೆರಡನ್ನೂ ಜೊತೆಗಿಟ್ಟು ಓದಿ. ಕರಗದ ಬೂದಿ ಏರಿದ್ದರೆ ಮಣ್ಣು, ಮರಳು ಸೇರಿದೆ. ಒಟ್ಟು ಬೂದಿ ಮಾತ್ರ ಏರಿ ಕರಗದ್ದು ಮಿತಿಯಲ್ಲೇ ಇದ್ದರೆ ಸುಣ್ಣದಲ್ಲಿ ಅದ್ದಿ ಬೆಳ್ಳಗೆ ಮಾಡಿದ ಶುಂಠಿ ಬಂದಿರಬಹುದು. ಸುಣ್ಣ ಆಮ್ಲದಲ್ಲಿ ಕರಗಿಹೋಗುತ್ತೆ. ಶುಂಠಿ ತುಂಡಿನ ಮೇಲೆ ಒಂದು ಹನಿ ತೆಳು ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟು ನೋಡಿ, ನೊರೆ ಬಂದರೆ ಆ ಚೀಲ ವಾಪಸ್ ಕಳಿಸಿ. ಬೂದಿ ಪರೀಕ್ಷೆಯನ್ನು ಟಾಲ್ಕ್ (ಮಾತ್ರೆ ಯಂತ್ರಕ್ಕೆ ಅಂಟದಂತೆ ಸೇರಿಸುವ ಖನಿಜ ಪುಡಿ) ಹಾಕುವ ಮೊದಲೇ ಮಾಡಬೇಕು. 2% ಟಾಲ್ಕ್ ಬಿದ್ದ ಮೇಲೆ ಕರಗದ ಬೂದಿಗೆ ತಾನೇ ಸುಮಾರು 2% ಸೇರುತ್ತೆ, ಮಣ್ಣು ಯಾವುದು ಟಾಲ್ಕ್ ಯಾವುದು ಗೊತ್ತಾಗಲ್ಲ.

ಮಾತ್ರೆ ಕಲ್ಲಾಗಲು ಸಾಮಾನ್ಯ ಕಾರಣ ಗೋಂದು ಕಣ್ಣಂದಾಜಲ್ಲಿ ಬೀಳೋದು. ಒಣ ಗೋಂದನ್ನು ತೂಗಿ, ಪುಡಿಯ ತೂಕದ 2ರಿಂದ 5% ಒಳಗೆ ಒಂದು ಪ್ರಮಾಣ ಗೊತ್ತುಮಾಡಿ. ಪುಡಿಯನ್ನು 85ನೇ ನಂಬರ್ ಜರಡಿಯಲ್ಲೇ ಜರಡಿ ಹಿಡಿಯಿರಿ, ಗೋಂದಲ್ಲಿ ಕಲಸಿ ಮಾಡಿದ ಹರಳುಗಳನ್ನು 50 ಡಿಗ್ರಿ ಸೆಲ್ಸಿಯಸ್ ಮೀರದಂತೆ ಒಣಗಿಸಿ. ಅದಕ್ಕಿಂತ ಬಿಸಿಯಾದರೆ ಶುಂಠಿಯ ಎಣ್ಣೆ ಹಾರುತ್ತೆ. ಅಂದಹಾಗೆ, 105 ಡಿಗ್ರಿಯಲ್ಲಿ ಒಣಗಿಸಿ ನೋಡಿದಾಗ ಕಡಿಮೆಯಾಗುವ ತೂಕವೆಲ್ಲ ನೀರಲ್ಲ, ಅದರಲ್ಲಿ ಆ ಎಣ್ಣೆಯೂ ಸೇರಿರುತ್ತೆ. ನಿಜವಾದ ತೇವಾಂಶ ಬೇಕಿದ್ದರೆ ಟಾಲ್ವೀನ್ ಎಂಬ ದ್ರಾವಕದ ಜೊತೆ ಬಟ್ಟಿ ಇಳಿಸಿ ನೀರನ್ನಷ್ಟೇ ಅಳೆಯುವ ವಿಧಾನವೇ ಸರಿ.

ಮಾತ್ರೆಯ ತೂಕಕ್ಕೆ 20 ಮಾತ್ರೆ ಒಂದೊಂದಾಗಿ ತೂಗಿ. ಸರಾಸರಿ 500 ಬಂದರೆ 475–525ರ ಆಚೆ ಎರಡಕ್ಕಿಂತ ಹೆಚ್ಚು ಇರಬಾರದು, 450–550ರ ಆಚೆ ಒಂದೂ ಇರಬಾರದು. ಉದುರುವಿಕೆ (ಯಂತ್ರದಲ್ಲಿ ಉರುಳಿಸಿದಾಗ ಪುಡಿಯಾಗಿ ಕಳೆಯುವ ತೂಕ) 1% ಒಳಗೆ. ಮಾತ್ರೆ ನೀರಲ್ಲಿ ಒಡೆದು ಬಿಡಿಯಾಗುವ ಸಮಯಕ್ಕೆ 37 ಡಿಗ್ರಿ ನೀರಲ್ಲಿ ಆರು ಮಾತ್ರೆ ಹಾಕಿ ನೋಡಿ. ಇಂಥ ಮಾತ್ರೆಗೆ ನಾನು 30 ನಿಮಿಷ ಬರೆಯುತ್ತೇನೆ. ಮೂರು ತಿಂಗಳಾದ ಮೇಲೆ ಅದೇ ಬ್ಯಾಚನ್ನು ಮತ್ತೆ ನೋಡಿ, ಗೋಂದಿನ ಮಾತ್ರೆ ಇಟ್ಟಷ್ಟೂ ಗಟ್ಟಿಯಾಗುತ್ತೆ.

ಒಂದೇ ವಿಧಾನದಲ್ಲಿ ಕನಿಷ್ಠ ಮೂರು ಬ್ಯಾಚ್ ಮಾಡಿ, ಬಂದ ಅಂಕಿಗಳ ಮೇಲೆ ನಿಮ್ಮ ಮಿತಿ ಕಟ್ಟಿ. ವಿಷಲೋಹಗಳ ಮಿತಿಯನ್ನು ಮಾತ್ರ ಸಡಿಲಿಸುವ ಹಾಗಿಲ್ಲ: ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ).

ಪ್ರಶ್ನೆ (ಸಕಲೇಶಪುರ): ಮೇಲಿನವರ ಪ್ರಶ್ನೆಗೇ ಸೇರಿಸ್ತೀನಿ ಸರ್. ಮೆಣಸಲ್ಲಿ ಪರಂಗಿ ಬೀಜ ಬೆರೆಸಿದ್ದನ್ನು ನೀರಲ್ಲಿ ತೇಲಿಸಿ ಕಂಡುಹಿಡೀಬಹುದಾ? ಮಳೆಗಾಲದಲ್ಲಿ ಮಾತ್ರೆಗೆ ಬೂಸ್ಟು ಬರ್ತಿದೆ, ಅದಕ್ಕೇನು ಮಾಡೋದು?

ಉತ್ತರ: ತೇಲಿದ್ದೆಲ್ಲ ಪರಂಗಿ ಬೀಜ ಅಲ್ಲ, ಜೊಳ್ಳು ಮೆಣಸೂ ತೇಲುತ್ತೆ. ತೇಲಿದ್ದನ್ನು ಆರಿಸಿ ಲೆನ್ಸಿನಲ್ಲಿ ನೋಡಿ: ಪರಂಗಿ ಬೀಜ ಮೊಟ್ಟೆಯಾಕಾರ, ಹಸಿರು ಮಿಶ್ರಿತ ಕಂದು, ಮೆಣಸು ದುಂಡು. ಪುಡಿಯಾಗಿ ಬಂದ ಮಾಲಿಗೆ ಟಿಎಲ್‌ಸಿ (ಲೇಪನ ಮಾಡಿದ ಫಲಕದ ಮೇಲೆ ಘಟಕಗಳನ್ನು ಬೇರೆ ಬೇರೆ ಕಲೆಗಳಾಗಿ ತೋರಿಸುವ ಪರೀಕ್ಷೆ) ಮಾಡಿಸಲೇಬೇಕು. ಮೆಣಸಿಗೆ ಖಾರ ಕೊಡುವ ಪೈಪರಿನ್ ಪರಂಗಿ ಬೀಜದಲ್ಲಿ ಇಲ್ಲ, ಬೆರೆಸಿದಷ್ಟೂ ಪೈಪರಿನ್ ಕಲೆ ಮಂಕಾಗುತ್ತೆ. ಆದರೆ ಹಿಪ್ಪಲಿಯಲ್ಲೂ ಪೈಪರಿನ್ ಇರೋದರಿಂದ ಮೂರೂ ಬೆರೆತ ಮೇಲೆ ಈ ಪರೀಕ್ಷೆಯಿಂದ ಮೆಣಸಿನ ಮೋಸ ಸಿಗಲ್ಲ, ಮೆಣಸನ್ನು ಬೇರೆಯಾಗಿಯೇ ನೋಡಬೇಕು.

ಬೂಸ್ಟಿನ ಮೂಲ ಬಹುತೇಕ ಒಣಗಿಸುವ ಜಾಗ. ನೆಲದ ಮೇಲೆ ಒಣಗಿಸಿದ ಮೆಣಸಿನಲ್ಲಿ ಸೂಕ್ಷ್ಮಾಣು ಹೆಚ್ಚು. ಕುದಿಯುವ ನೀರಲ್ಲಿ ಒಂದು ನಿಮಿಷ ಅದ್ದಿ, ಸ್ವಚ್ಛ ಟಾರ್ಪಾಲಿನ ಮೇಲೆ ಒಣಗಿಸಿದ ಮಾಲು ಕೊಳ್ಳಿ. ಜುಲೈ ಮಳೆಯಲ್ಲಿ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಇಲ್ಲದ ಕೋಣೆಯಲ್ಲಿ ಮಾತ್ರೆ ಒತ್ತಬೇಡಿ. ಒತ್ತಿದ ದಿನವೇ ಬಿಗಿ ಮುಚ್ಚಳದ ಡಬ್ಬಕ್ಕೆ ತುಂಬಿ. ಯೀಸ್ಟ್, ಬೂಸ್ಟು ಸೇರಿ ಗ್ರಾಮಿಗೆ 1,000 ದಾಟಿದರೆ, ಇಲ್ಲವೇ ಸಾಲ್ಮೊನೆಲ್ಲಾ ಎಂಬ ರೋಗಾಣು ಸಿಕ್ಕರೆ ಆ ಬ್ಯಾಚ್ ಮಾರಬೇಡಿ. ಮತ್ತೆ ಒಣಗಿಸಿದರೂ ಬೂಸ್ಟಿನ ವಿಷ ಮಾತ್ರೆಯಲ್ಲೇ ಉಳಿಯುತ್ತೆ.