ಅಪ್‌ಡೇಟ್: ಓರೆ ಗೆರೆ ಉದ್ದ, ಸಮಯ ಮಾತ್ರ ಕಡಿಮೆ. ಯಾಕಂತ ಗೊತ್ತಾಯ್ತು!

ಹೋದ ವಾರ ಕೇಳಿದ್ದೆ: ಸ್ಪೇಸ್‌ಟೈಮ್ ಚಿತ್ರದಲ್ಲಿ (ಮೇಲಕ್ಕೆ ಕಾಲ, ಅಡ್ಡಕ್ಕೆ ದೂರ ಇರುವ ಗ್ರಾಫ್) ಓಡುವ ರಾಕೆಟ್ಟಿನ ಗೆರೆ ಓರೆಯಾಗಿ, ನಿಂತವನ ಗೆರೆಗಿಂತ ಉದ್ದ ಕಾಣುತ್ತದೆ. ಹಾಗಿದ್ದರೂ ರಾಕೆಟ್ಟಿನ ಗಡಿಯಾರದಲ್ಲಿ ಕಡಿಮೆ ಸಮಯ ಯಾಕೆ? ಎಲ್ಲರೂ "ಸ್ಕೇಲ್ ಇಟ್ಟು ಅಳೀಬೇಡಿ" ಅಂದಿರಿ. ನಾನು ಹಟಕ್ಕೆ ಬಿದ್ದು ಅಳೆದೇ ಬಿಟ್ಟೆ.

ಗ್ರಾಫ್ ಹಾಳೆಯಲ್ಲಿ ಮೇಲಕ್ಕೆ ವರ್ಷ, ಅಡ್ಡಕ್ಕೆ ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಹೋಗುವ ದೂರ). ಎರಡೂ ಒಂದಕ್ಕೆ ಒಂದು ಸೆಂಟಿಮೀಟರ್, ಹಾಗಾಗಿ ಬೆಳಕಿನ ಗೆರೆ ಸರಿಯಾಗಿ 45 ಡಿಗ್ರಿ. ರಾಕೆಟ್ಟಿಗೆ ಬೆಳಕಿನ ವೇಗದ 0.6 ಪಾಲು ಕೊಟ್ಟೆ. 5 ವರ್ಷದಲ್ಲಿ 3 ಜ್ಯೋತಿರ್ವರ್ಷ ಹೋಗುತ್ತದೆ. ಸ್ಕೇಲಿನಲ್ಲಿ ಆ ಗೆರೆ 5.8 ಬಂತು. ಪೈಥಾಗೊರಸ್ ಅಲ್ವಾ, 25ಕ್ಕೆ 9 ಕೂಡಿಸುತ್ತಾನೆ. ಇಲ್ಲಿ ಕಳೆಯಬೇಕು! ಉಳಿದದ್ದು 16, ಅದರ ವರ್ಗಮೂಲ 4. ರಾಕೆಟ್ಟಿನಲ್ಲಿ ಕಳೆದದ್ದು 4 ವರ್ಷ. ಗಣಿತಜ್ಞ ಮಿಂಕೋವ್‌ಸ್ಕಿ 1908ರಲ್ಲೇ ಈ ಜ್ಯಾಮಿತಿಯನ್ನು ವಿವರಿಸಿದ್ದರು. ಒಂದು ಮೈನಸ್ ಚಿಹ್ನೆಗೆ ನಾನು ಸುಮ್ನೆ ಒಂದು ವಾರ ತಲೆ ಕೆಡಿಸಿಕೊಂಡೆ.

ಆಮೇಲೆ ಉತ್ತರ 4 ಬರುವ ಚುಕ್ಕೆಗಳನ್ನೆಲ್ಲ ಸೇರಿಸಿದೆ. ವೃತ್ತ ಬರಲಿಲ್ಲ, ಎರಡೂ ಕಡೆ ಮೇಲಕ್ಕೆ ಬಾಗುತ್ತಾ ಹೋಗುವ ಹೈಪರ್ಬೋಲ ಅನ್ನುವ ಗೆರೆ ಬಂತು. ನನಗೆ ಜಾಸ್ತಿ ಖುಷಿ ಕೊಟ್ಟದ್ದು ಮುಂದಿನದು. ರಾಕೆಟ್ಟಿನ ಚುಕ್ಕೆಯಲ್ಲಿ ಆ ಹೈಪರ್ಬೋಲಕ್ಕೆ ಸ್ಪರ್ಶಕ ಎಳೆದರೆ, ಅದೇ ರಾಕೆಟ್ಟಿನವರ 'ಈಗ' ಅನ್ನುವ ಗೆರೆ, ಅಂದರೆ ಅವರ ಪ್ರಕಾರ ಒಂದೇ ಕ್ಷಣದಲ್ಲಿ ಆಗುವ ಎಲ್ಲವೂ ಅದರ ಮೇಲಿರುತ್ತದೆ. ಅದು ನಿಂತವನ ಗೆರೆಯನ್ನು 3.2ರಲ್ಲಿ ಕತ್ತರಿಸಿತು. ಅಂದರೆ ಅವರ ಲೆಕ್ಕದಲ್ಲಿ ಅವರಿಗೆ 4 ವರ್ಷ ಆದಾಗ ನಮಗಿನ್ನೂ 3.2. ನಮ್ಮ ಗಡಿಯಾರವೇ ನಿಧಾನ!

ರಾಕೆಟ್ ವಾಪಸ್ ತಿರುಗುವ ಚಿತ್ರವನ್ನು ಈಗ ಅದೇ ಹಾಳೆಯ ಮೇಲರ್ಧದಲ್ಲಿ ಎಳೆಯುತ್ತಿದ್ದೇನೆ.